ಹಿನ್ನೆಲೆಯೇ ಸಿದ್ಧಾಂತವಾದಾಗ: ಕರ್ನಾಟಕದಲ್ಲಿ ರಾಜಕೀಯ ಸ್ವ-ಗುರುತಿನ ಬಗೆ

ಕನ್ನಡ ಪತ್ರಿಕೆಗಳು ರಾಜಕಾರಣಿಯೊಬ್ಬರನ್ನು ಪರಿಚಯಿಸುವಾಗ ‘ಸಮಾಜವಾದಿ ಹಿನ್ನೆಲೆಯವರು’, ‘ರೈತ ಚಳವಳಿಯ ಹಿನ್ನೆಲೆಯಿಂದ ಬಂದವರು’, ‘ಸಂಘದ ಹಿನ್ನೆಲೆಯವರು’ ಎಂದು ಬರೆಯುವುದು ವಾಡಿಕೆ. ಖಾಸಗೀಕರಣ, ಮೀಸಲಾತಿ ಅಥವಾ ಭೂಮಿಯ ಬಗ್ಗೆ ಅವರ ಇಂದಿನ ನಿಲುವೇನು ಎಂಬುದು ಆಮೇಲಿನ ಮಾತು. ಯಾವ ಹೋರಾಟದಲ್ಲಿ ಬೆಳೆದರು, ಯಾರ ಗರಡಿಯಲ್ಲಿ ಪಳಗಿದರು, ಯಾವಾಗ ಜೈಲು ಕಂಡರು ಎಂಬುದೇ ಅವರ ಸಿದ್ಧಾಂತದ ಗುರುತು. ನಾಯಕರಲ್ಲದವರೂ ತಮ್ಮನ್ನು ಹೇಳಿಕೊಳ್ಳುವುದು ಹೀಗೆಯೇ. ಕರ್ನಾಟಕದಲ್ಲಿ ರಾಜಕೀಯ ಸಿದ್ಧಾಂತವನ್ನು ಜನ ಒಂದು ಸ್ಥಾನವಾಗಿ ಅಲ್ಲ, ಒಂದು ಜೀವನಚರಿತ್ರೆಯಾಗಿ ಹೇಳಿಕೊಳ್ಳುತ್ತಾರೆ ಎಂಬುದು ಈ ಲೇಖನದ ವಾದ. ಇದನ್ನು ಒಪ್ಪಿದರೆ, ಸಿದ್ಧಾಂತವನ್ನು ಅಳೆಯುವ ಪ್ರಚಲಿತ ಸಮೀಕ್ಷಾ ವಿಧಾನವನ್ನು ಹಲವು ಕಡೆ ಪ್ರಶ್ನಿಸಬೇಕಾಗುತ್ತದೆ.

ಎಡ-ಬಲ ಎಂಬ ಅಳತೆಗೋಲು ಹುಟ್ಟಿದ್ದೇ ಕೂರುವ ಜಾಗದಿಂದ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ಅರಸನಿಗೆ ನಿಷೇಧಾಧಿಕಾರ ಇರಬೇಕೇ ಎಂದು ಚರ್ಚಿಸಿದಾಗ ಅರಸನ ಪರ ಇದ್ದವರು ಅಧ್ಯಕ್ಷರ ಬಲಕ್ಕೂ ವಿರೋಧಿಗಳು ಎಡಕ್ಕೂ ಸೇರಿಕೊಂಡರು. ಇಪ್ಪತ್ತನೆಯ ಶತಮಾನದ ಸಮೀಕ್ಷಾ ವಿಜ್ಞಾನ ಆ ಆಸನ ವ್ಯವಸ್ಥೆಯನ್ನು ಸಂಖ್ಯೆಗಳಾಗಿ ಮಾರ್ಪಡಿಸಿತು. ವಿಶ್ವ ಮೌಲ್ಯ ಸಮೀಕ್ಷೆ ಇಂದಿಗೂ ಪ್ರತಿಸ್ಪಂದಕರನ್ನು 1ರಿಂದ 10ರವರೆಗಿನ ಎಡ-ಬಲ ಮಾಪಕದಲ್ಲಿ ತಮ್ಮ ಜಾಗ ತೋರಿಸುವಂತೆ ಕೇಳುತ್ತದೆ. ಉತ್ತರಿಸದವರಿಗೆ, ಅಥವಾ ನಡುವಿನ ಅಂಕಿಯನ್ನು ಆರಿಸಿ ಸುಮ್ಮನಾಗುವವರಿಗೆ, ಸಿದ್ಧಾಂತವಿಲ್ಲ ಎಂದು ತೀರ್ಮಾನಿಸುವುದು ಬಹಳ ಸುಲಭ.

ಆ ತೀರ್ಮಾನಕ್ಕೆ ಶಾಸ್ತ್ರೀಯ ಆಧಾರ ಒದಗಿಸಿದವರು ಅಮೆರಿಕದ ಫಿಲಿಪ್ ಕಾನ್ವರ್ಸ್. 1956ರ ಸಮೀಕ್ಷೆಯ ಉತ್ತರಗಳನ್ನು ಆಧರಿಸಿ 1964ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಜನರನ್ನು ಹಲವು ಹಂತಗಳಲ್ಲಿ ವಿಂಗಡಿಸಿದರು. ಅಮೂರ್ತ ತತ್ತ್ವಗಳ ಮೂಲಕ ರಾಜಕೀಯವನ್ನು ನೋಡುವ ಸಿದ್ಧಾಂತಿಗಳು ಕೇವಲ ಶೇ. 2.5. ‘ಈ ಪಕ್ಷ ನಮ್ಮಂಥ ದುಡಿಯುವವರಿಗೆ ಒಳ್ಳೆಯದು’ ಎಂಬ ಧಾಟಿಯಲ್ಲಿ ಗುಂಪಿನ ಹಿತವನ್ನು ಮುಂದಿಟ್ಟು ಮಾತನಾಡಿದವರು ಶೇ. 42. ಕಾನ್ವರ್ಸ್ ಇವರನ್ನು ಸಿದ್ಧಾಂತಿಗಳಿಗಿಂತ ಕೆಳಗಿಟ್ಟರು. ಅಮೆರಿಕದ ಮಟ್ಟಿಗೆ ಆ ಶ್ರೇಣಿ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕರ್ನಾಟಕಕ್ಕೆ ಅದನ್ನು ಹಾಗೆಯೇ ತಂದರೆ ತಪ್ಪಾಗುತ್ತದೆ. ಇಲ್ಲಿ ‘ನಾವು ರೈತರು’, ‘ನಾವು ದಲಿತರು’ ಎಂಬ ಮಾತು ಹುಟ್ಟಿನಿಂದ ಬಂದ ಗುಂಪಿನ ಹೆಸರಲ್ಲ, ಹೋರಾಟದಲ್ಲಿ ಗಳಿಸಿಕೊಂಡ ರಾಜಕೀಯ ಹೆಸರು.

ಸಾಗರ ತಾಲ್ಲೂಕಿನ ಕಾಗೋಡು ಇದಕ್ಕೆ ಮೊದಲ ದೊಡ್ಡ ಉದಾಹರಣೆ. 1951ರ ಏಪ್ರಿಲ್‌ನಲ್ಲಿ ಅಲ್ಲಿನ ಗೇಣಿದಾರರು ಆರಂಭಿಸಿದ ಸತ್ಯಾಗ್ರಹದ ಬೇರು ಗೇಣಿ ಅಳೆಯುವ ಕೊಳಗದ ಗಾತ್ರದಲ್ಲಿತ್ತು. ಹೆಚ್ಚಾಗಿ ದೀವರ ಸಮುದಾಯದವರಾಗಿದ್ದ ಆ ಒಕ್ಕಲುಗಳನ್ನು ಎಚ್. ಗಣಪತಿಯಪ್ಪ ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷ ಜೊತೆಗೂಡಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆ ಪ್ರವೇಶಿಸಿದರು. ಆ ಒಕ್ಕಲುಗಳು ಲೋಹಿಯಾ ಅವರ ಬರಹ ಓದಿ ಸಮಾಜವಾದಿಗಳಾದವರಲ್ಲ. ಅಳತೆಯಲ್ಲಿ ನಡೆಯುತ್ತಿದ್ದ ಅನ್ಯಾಯವನ್ನು ಪ್ರತಿಭಟಿಸಿ ಜೈಲಿಗೆ ಹೋದ ಮೇಲೆ ತಾವು ಯಾರು ಎಂಬುದಕ್ಕೆ ಅವರಿಗೊಂದು ಹೆಸರು ಸಿಕ್ಕಿತು. ಅನುಭವ ಮೊದಲು, ಹೆಸರು ನಂತರ. ಸಮೀಕ್ಷೆ ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲು ಹೆಸರನ್ನು ಕೇಳುತ್ತದೆ.

ಎಪ್ಪತ್ತರ ದಶಕದಲ್ಲಿ ಇದೇ ಕ್ರಮ ಇನ್ನಷ್ಟು ತೀವ್ರವಾಗಿ ಮರುಕಳಿಸಿತು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದು ಕರೆದ ಹೇಳಿಕೆಯ ನಂತರ ನಡೆದ ಹಲ್ಲೆಗಳು, ಪ್ರತಿಭಟನೆಗಳು ದಲಿತ ವಿದ್ಯಾರ್ಥಿಗಳ ಒಂದು ತಲೆಮಾರನ್ನೇ ರಾಜಕೀಯಕ್ಕೆ ಎಳೆದುತಂದವು. ಬಿ. ಕೃಷ್ಣಪ್ಪ ಮೊದಲಾದವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಆಡಳಿತ ಮತ್ತು ಗಾಂಧಿವಾದಿ ವಲಯ ಕೊಟ್ಟಿದ್ದ ‘ಹರಿಜನ’ ಎಂಬ ಹೆಸರನ್ನು ಬಿಟ್ಟು ‘ದಲಿತ’ ಎಂದುಕೊಂಡ ಯುವಕನೊಬ್ಬ ಕಾನ್ವರ್ಸ್ ಅವರ ವರ್ಗೀಕರಣದಲ್ಲಿ ಗುಂಪಿನ ಹಿತ ಹೇಳುವವನಾಗಿಯಷ್ಟೇ ಕಾಣುತ್ತಾನೆ. ಆದರೆ ಆ ಒಂದು ಹೆಸರಿನಲ್ಲಿ ಇತಿಹಾಸದ ವ್ಯಾಖ್ಯಾನವಿದೆ, ಜಾತಿ ವ್ಯವಸ್ಥೆಯ ವಿಮರ್ಶೆಯಿದೆ, ಮುಂದೆ ಸಮಾಜ ಹೇಗಿರಬೇಕೆಂಬ ಕಲ್ಪನೆಯಿದೆ. ಸಿದ್ಧಾಂತಕ್ಕೆ ಇನ್ನೇನು ಬೇಕು?

ಪ್ರದೀಪ್ ಛಿಬ್ಬರ್ ಮತ್ತು ರಾಹುಲ್ ವರ್ಮಾ 2018ರ ತಮ್ಮ ಗ್ರಂಥದಲ್ಲಿ ಭಾರತದ ರಾಜಕೀಯ ಸಿದ್ಧಾಂತರಹಿತ ಎಂಬ ವಾದವನ್ನು ಅಲ್ಲಗಳೆದಿದ್ದಾರೆ. ಸಮಾಜದ ಆಚಾರ, ಆಸ್ತಿಗಳಲ್ಲಿ ಪ್ರಭುತ್ವ ಎಷ್ಟು ಕೈಹಾಕಬೇಕು, ಅಂಚಿನ ಸಮುದಾಯಗಳಿಗೆ ಪ್ರಭುತ್ವ ವಿಶೇಷ ಮನ್ನಣೆ ಕೊಡಬೇಕೇ ಎಂಬ ಎರಡು ಪ್ರಶ್ನೆಗಳ ಸುತ್ತ ಇಲ್ಲಿನ ಸಿದ್ಧಾಂತಗಳು ನಿಂತಿವೆ ಎಂಬುದು ಅವರ ನಿರೂಪಣೆ. ಎಡ-ಬಲದ ಮಾಪಕಕ್ಕಿಂತ ಇದು ಎಷ್ಟೋ ಮೇಲು. ಆದರೂ ಇದು ಜನರು ಏನನ್ನು ಒಪ್ಪುತ್ತಾರೆ ಎಂಬುದನ್ನು ಹೇಳುತ್ತದೆಯೇ ಹೊರತು ತಮ್ಮನ್ನು ತಾವು ಯಾರೆಂದುಕೊಳ್ಳುತ್ತಾರೆ ಎಂಬುದನ್ನಲ್ಲ.

ಹೆಸರನ್ನಷ್ಟೇ ನಂಬಲಾಗದು ಎಂಬುದಕ್ಕೆ ಕಾನೂನಿನಲ್ಲೇ ಸಾಕ್ಷ್ಯವಿದೆ. 1976ರ 42ನೇ ತಿದ್ದುಪಡಿ ಸಂವಿಧಾನದ ಪ್ರಸ್ತಾವನೆಗೆ ‘ಸಮಾಜವಾದಿ’ ಎಂಬ ವಿಶೇಷಣ ಸೇರಿಸಿತು. 1989ರಲ್ಲಿ ಜನಪ್ರತಿನಿಧಿ ಕಾಯ್ದೆಗೆ ಸೇರಿದ 29ಎ ಕಲಮಿನ ಪ್ರಕಾರ ನೋಂದಣಿ ಬಯಸುವ ಪ್ರತಿ ಪಕ್ಷವೂ ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ತ್ವಗಳಿಗೆ ನಿಷ್ಠೆ ಘೋಷಿಸಬೇಕು. ಅಂದರೆ ಮುಕ್ತ ಮಾರುಕಟ್ಟೆಯನ್ನು ಎತ್ತಿಹಿಡಿಯುವ ಪಕ್ಷವೂ ಕಾಗದದ ಮೇಲೆ ಸಮಾಜವಾದಿಯೇ. ಎಲ್ಲರೂ ಹೊರಲೇಬೇಕಾದ ಹೆಸರು ಯಾರನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ‘ಸಮಾಜವಾದಿ’ ಎಂದಷ್ಟೇ ಹೇಳಿದರೆ ಸಾಲದೆ ‘ಸಮಾಜವಾದಿ ಹಿನ್ನೆಲೆ’ ಎನ್ನಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂಬುದು ನನ್ನ ಊಹೆ.

ಹೆಸರು ಹೀಗೆ ಸವೆದಲ್ಲಿ ಆಚರಣೆ ಮುಂದೆ ಬರುತ್ತದೆ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಗಾಗಿ ರೂಪಿಸಿದ ಮಂತ್ರಮಾಂಗಲ್ಯವನ್ನು ಮುಂದೆ ರೈತ ಸಂಘದವರು ಹಳ್ಳಿಗಳಿಗೆ ಒಯ್ದರು. ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ ಮದುವೆಯಾದ ಜೋಡಿ ತನ್ನ ಸಿದ್ಧಾಂತವನ್ನು ಯಾವ ಪ್ರಶ್ನಾವಳಿಯೂ ಕೇಳದೆಯೇ ಇಡೀ ಊರಿನೆದುರು ಘೋಷಿಸಿದಂತಾಯಿತು. ಜಾತಿಸೂಚಕ ಹೆಸರು ಬಿಡುವುದು, ಎದುರಾದವರಿಗೆ ‘ಜೈಭೀಮ್’ ಎನ್ನುವುದು ಇದೇ ಬಗೆಯವು. ಶಾಲು ಇವೆಲ್ಲಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ. 1980ರ ನರಗುಂದ-ನವಲಗುಂದ ಬಂಡಾಯದ ಬೆನ್ನಿಗೆ ರೂಪುಗೊಂಡು ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಬೆಳೆದ ಕರ್ನಾಟಕ ರಾಜ್ಯ ರೈತ ಸಂಘ ಹಸಿರು ಶಾಲಿಗೆ ಒಂದು ಅರ್ಥ ಕೊಟ್ಟಿತು. ದಲಿತ ಚಳವಳಿ ನೀಲಿಗೆ, ಹಿಂದುತ್ವ ಸಂಘಟನೆಗಳು ಕೇಸರಿಗೆ ತಮ್ಮ ಅರ್ಥ ತುಂಬಿದವು. 2022ರಲ್ಲಿ ಹಿಜಾಬ್ ವಿವಾದ ಎದ್ದಾಗ ಕರಾವಳಿ, ಮಲೆನಾಡಿನ ಕಾಲೇಜುಗಳಲ್ಲಿ ಕೇಸರಿ ಶಾಲುಗಳೂ, ಚಿಕ್ಕಮಗಳೂರಿನಲ್ಲಿ ಅವುಗಳಿಗೆದುರಾಗಿ ನೀಲಿ ಶಾಲುಗಳೂ ಕಾಣಿಸಿಕೊಂಡವು. ಮತದಾನದ ವಯಸ್ಸನ್ನು ಆಗಷ್ಟೇ ತಲುಪುತ್ತಿದ್ದ ಹುಡುಗ ಹುಡುಗಿಯರು ಅಲ್ಲಿ ತಮ್ಮ ನಿಲುವನ್ನು ಹೆಗಲ ಮೇಲೆ ಹೊತ್ತಿದ್ದರು.

ಆದರೆ ಶಾಲನ್ನು ಯಾರು ಬೇಕಾದರೂ ಹೊದೆಯಬಹುದು. 2018ರ ಮೇ ತಿಂಗಳಲ್ಲಿ ಬಿ.ಎಸ್. ಯಡಿಯೂರಪ್ಪ ಹಸಿರು ಶಾಲು ಹೊದ್ದು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ಅವರದೇ ಮುಂದಿನ ಸರ್ಕಾರ 2020ರಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶ ಮಾಡಿ ಭೂಸುಧಾರಣಾ ಕಾಯ್ದೆ ತಿದ್ದಿದಾಗ ಬೀದಿಗಿಳಿದ ರೈತ ಸಂಘಟನೆಗಳ ಹೆಗಲ ಮೇಲೂ ಅದೇ ಹಸಿರು ಇತ್ತು. ಹಿನ್ನೆಲೆಯ ಮಿತಿಯೂ ಇದೇ. ಎಸ್. ಬಂಗಾರಪ್ಪ 1967ರಲ್ಲಿ ಸೊರಬದಿಂದ ಸಮಾಜವಾದಿಯಾಗಿ ವಿಧಾನಸಭೆಗೆ ಬಂದು, ಮುಂದೆ ಕಾಂಗ್ರೆಸ್, ಭಾರತೀಯ ಜನತಾ ಪಕ್ಷ, ಸಮಾಜವಾದಿ ಪಕ್ಷ, ಜಾತ್ಯತೀತ ಜನತಾದಳಗಳೆಲ್ಲದರಲ್ಲೂ ಇದ್ದರು. ಅವರ ಸಮಾಜವಾದಿ ಹಿನ್ನೆಲೆಯನ್ನು ಯಾರೂ ಅಲ್ಲಗಳೆಯಲಿಲ್ಲ. ಆದದ್ದು ಆಗಿಹೋಗಿದೆ. ಜೀವನಚರಿತ್ರೆಯನ್ನು ಸಿದ್ಧಾಂತವೆಂದು ಸ್ವೀಕರಿಸುವ ಸಮಾಜ ವ್ಯಕ್ತಿಯ ಗತವನ್ನು ಗೌರವಿಸುತ್ತದೆ, ವರ್ತಮಾನದ ಲೆಕ್ಕ ಕೇಳುವುದನ್ನು ಮರೆಯುತ್ತದೆ. ಇದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಇನ್ನೊಂದು ಮಿತಿ ಇನ್ನೂ ಗಂಭೀರವಾದುದು: ಹೇಳಿಕೊಳ್ಳಲು ಹಿನ್ನೆಲೆಯೇ ಇಲ್ಲದವರ ಸ್ಥಿತಿ. ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ಡಿಕ್ಲರೇಷನ್ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತರು. ಒಡೆಯರ ಕಣ್ಣೆದುರು ಆ ಅರ್ಜಿ ಹಾಕುವುದೇ ದಿಟ್ಟ ರಾಜಕೀಯ ಕೃತ್ಯವಾಗಿತ್ತು. ಆದರೆ ಅರ್ಜಿ ಹಾಕಿದವರಿಗೆ ಯಾವ ವಾದದ ಹೆಸರೂ ಅಂಟಲಿಲ್ಲ. 1967ರಲ್ಲಿ ಲಾಯ್ಡ್ ಫ್ರೀ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಅಮೆರಿಕನ್ನರಲ್ಲಿ ಇಂಥದೇ ಅಂತರವನ್ನು ಗುರುತಿಸಿದ್ದರು. ತಾತ್ತ್ವಿಕವಾಗಿ ಸಂಪ್ರದಾಯವಾದಿಗಳಾಗಿ ಮಾತನಾಡುವ ಅನೇಕರು ಸರ್ಕಾರದ ಕಲ್ಯಾಣ ಕಾರ್ಯಕ್ರಮಗಳನ್ನು ಒಂದೊಂದಾಗಿ ಕೇಳಿದರೆ ಬೆಂಬಲಿಸುತ್ತಿದ್ದರು. ಅಲ್ಲಿನ ಅಂತರ ಮಾತಿಗೂ ಮಾತಿಗೂ ನಡುವಿನದು, ಇಲ್ಲಿನದು ಕೃತ್ಯಕ್ಕೂ ಹೆಸರಿಗೂ ನಡುವಿನದು.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಪಿಎಫ್ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ಹಾಕಿದ ಹೊಸ ನಿರ್ಬಂಧವನ್ನು ವಿರೋಧಿಸಿ ರಸ್ತೆಗಿಳಿದರು. ಮುಂದೆ ನಿಂತು ಕರೆತಂದ ದೊಡ್ಡ ಯೂನಿಯನ್ ಇರಲಿಲ್ಲ, ಹೆಗಲ ಮೇಲೆ ಯಾವ ಬಣ್ಣದ ಶಾಲೂ ಇರಲಿಲ್ಲ. ಎರಡನೆಯ ದಿನವೇ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ದುಡಿಮೆ, ಉಳಿತಾಯ, ಪ್ರಭುತ್ವದ ಅಧಿಕಾರದ ಮಿತಿ ಈ ಮೂರರ ಬಗ್ಗೆಯೂ ಅವರಿಗೆ ಸ್ಪಷ್ಟ ನಿಲುವಿತ್ತು. ಹಾಗಿದ್ದೂ ಅವರು ಯಾರ ಹಿನ್ನೆಲೆಯಲ್ಲೂ ದಾಖಲಾಗಿಲ್ಲ. ಮುಂದಿನ ಸಮೀಕ್ಷೆಗಳು ‘ನೀವು ಎಡವೋ ಬಲವೋ’ ಎಂದು ಕೇಳುವ ಮೊದಲು ‘ಯಾವ ಅರ್ಜಿಗೆ ಸಹಿ ಹಾಕಿದಿರಿ, ಯಾವ ದಿನ ಕೆಲಸ ನಿಲ್ಲಿಸಿದಿರಿ, ಯಾರ ಜೊತೆ ನಿಂತಿರಿ, ಅದಕ್ಕಾಗಿ ಏನು ಕಳೆದುಕೊಂಡಿರಿ’ ಎಂದು ಕೇಳಬೇಕು. ಆ ಉತ್ತರಗಳನ್ನು ಇಂದಿನ ನೀತಿಗಳ ಬಗೆಗಿನ ನಿಲುವಿನ ಪಕ್ಕದಲ್ಲಿಟ್ಟು ಓದಬೇಕು. ಆಗ ಹಿನ್ನೆಲೆ ಹೇಳಿಕೊಂಡು ತಿರುಗುವವರ ವರ್ತಮಾನವೂ, ಹಿನ್ನೆಲೆ ಹೇಳಿಕೊಳ್ಳಲು ಅವಕಾಶವೇ ಸಿಗದವರ ಸಿದ್ಧಾಂತವೂ ಒಂದೇ ಕೋಷ್ಟಕದಲ್ಲಿ ಕಾಣಿಸತೊಡಗುತ್ತವೆ.