ವಚನಪಿತಾಮಹ ಫ.ಗು. ಹಳಕಟ್ಟಿಯವರು ಮತ್ತು ಜಗಲಿಯ ಮೇಲಿನ ಓಲೆಗರಿ



ಪಿತಾಮಹ ಎಂದರೆ ಅಜ್ಜ. ಒಂದು ಮನೆತನದ ಮಕ್ಕಳು, ಮೊಮ್ಮಕ್ಕಳು ತಮ್ಮ ಹಿರಿಯನನ್ನು ನೆನೆಯುವ ಮಾತು ಅದು. ಆದರೆ ಶರಣಸಂಕುಲವೆಲ್ಲವೂ ಒಂದೇ ಮನೆತನವೆಂಬಂತೆ ಕೂಡಿ ಒಬ್ಬ ಮಹನೀಯರನ್ನು ‘ವಚನಪಿತಾಮಹ’ ಎಂದು ಕರೆಯಿತು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಹುನ್ನೂರ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ಸದ್ಭಕ್ತರಿಗೆ ಅವರು ಇನ್ನೊಂದು ಬಗೆಯಲ್ಲಿಯೂ ಹತ್ತಿರದವರು. ಅವರ ಧರ್ಮಪತ್ನಿ ಭಾಗೀರಥಿಯವರು ಬನಹಟ್ಟಿಯ ಚಿಕ್ಕೋಡಿ ಮನೆತನದ ಮಗಳು. ನಾಡಿಗೆ ಅಜ್ಜನಾದವರು ಈ ನೆಲಕ್ಕೆ ಅಳಿಯಂದಿರು.

ಹಳಕಟ್ಟಿಯವರು ಜನಿಸಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು, ತಾಯಿ ದಾನಮ್ಮನವರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕ ಅಜ್ಜಿಯ ಆಸರೆಯಲ್ಲಿ ಬೆಳೆದನು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ ವಿಜಾಪುರಕ್ಕೆ ಬಂದು ನೆಲೆಸಿದರು. ಆ ಕಾಲದಲ್ಲಿ ಜಮಖಂಡಿಯಲ್ಲಿ ಪಟವರ್ಧನರ, ಮುಧೋಳದಲ್ಲಿ ಘೋರ್ಪಡೆಯವರ ಆಳ್ವಿಕೆ. ಉಳಿದ ಭಾಗ ಮುಂಬಯಿ ಇಲಾಖೆಗೆ ಸೇರಿದ್ದು. ದರ್ಬಾರಿನಲ್ಲಿಯೂ ಶಾಲೆಯಲ್ಲಿಯೂ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡ ಆಡುವವರೂ ಲೆಕ್ಕಪತ್ರವನ್ನು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದ ದಿನಗಳವು.

ಇಂತಹ ಸ್ಥಿತಿಯಲ್ಲಿ ವಚನಗಳು ಎಲ್ಲಿದ್ದವು? ಮಠಗಳಲ್ಲಿ ಇದ್ದವು, ಹಳೆಯ ಮನೆತನಗಳ ದೇವರ ಜಗಲಿಯ ಮೇಲೆ ಇದ್ದವು. ಕಲ್ಯಾಣದ ವಿಪ್ಲವದ ನಂತರ ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದ ಶರಣರು ವಚನದ ಕಟ್ಟುಗಳನ್ನು ಪ್ರಾಣಕ್ಕಿಂತ ಮಿಗಿಲಾಗಿ ಕಾಯ್ದರೆಂಬುದು ಪರಂಪರೆಯ ನಂಬಿಗೆ. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರು ಅವುಗಳನ್ನು ಮತ್ತೆ ಕೂಡಿಸಿ ಪ್ರತಿ ಮಾಡಿಸಿದರು. ಹೀಗೆ ಕೈಯಿಂದ ಕೈಗೆ ಬಂದ ತಾಡೋಲೆಯ ಕಟ್ಟು, ಮನೆಯ ಮೂಲಪುರುಷನ ಸ್ವತ್ತೆಂದು ಪೂಜೆಗೊಳ್ಳುತ್ತಿತ್ತು. ವಿಭೂತಿ ಧರಿಸಿ, ಪತ್ರಿ ಏರಿಸಿ, ಮಡಿಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಆದರೆ ಬಿಚ್ಚುವವರು ವಿರಳ, ಓದುವವರು ಇನ್ನೂ ವಿರಳ. ಭಕ್ತಿಯೇ ಅದನ್ನು ಅಷ್ಟು ಕಾಲ ಉಳಿಸಿತು ಎಂಬುದೂ ನಿಜ. ಅದೇ ಭಕ್ತಿಯ ಬಟ್ಟೆಯೊಳಗೆ ಗರಿಗಳು ಹುಳು ಹಿಡಿದು ಪುಡಿಯಾಗುತ್ತಿದ್ದುದೂ ಅಷ್ಟೇ ನಿಜ. ಹೇಳಲು ನೋವಾಗುವ ಮಾತಾದರೂ ಮರೆಮಾಚತಕ್ಕದ್ದಲ್ಲ.

1903ರಲ್ಲಿ ರಬಕವಿ-ಬನಹಟ್ಟಿಯ ಶಿವಲಿಂಗಪ್ಪ ಮಂಚಾಲೆಯವರ ಮನೆಯಲ್ಲಿ ಹಳಕಟ್ಟಿಯವರು ಇಂತಹ ಓಲೆಗರಿಗಳನ್ನು ಕಂಡರು. ಷಟ್‌ಸ್ಥಲ ತಿಲಕ, ಪ್ರಭುದೇವರ ವಚನಗಳು ಅವುಗಳಲ್ಲಿದ್ದವು. ತರುಣನ ಬಾಳಿನ ದಿಕ್ಕು ಅಲ್ಲಿಯೇ ತಿರುಗಿತು. ಮುಂದೆ ಊರೂರು ತಿರುಗಿದರು. ಅಜ್ಜ ಮುತ್ತಜ್ಜರ ಕಾಲದ ಕಟ್ಟನ್ನು ಕೊಡಲೊಲ್ಲದ ಹಿರಿಯರ ಮನವೊಲಿಸುವುದು ಕೋರ್ಟಿನ ವಾದಕ್ಕಿಂತ ಕಠಿಣವಾದ ಕಾಯಕ. ಜಗಲಿಯಿಂದ ಕಟ್ಟು ಇಳಿದರೆ ಮನೆಗೆ ಕೇಡೆಂದು ಅಂಜುವವರಿಗೆ ಯಾವ ಕಾಯಿದೆಯನ್ನು ತೋರಿಸಲಾದೀತು? ಆದರೂ ಸಾವಿರದಷ್ಟು ಹಸ್ತಪ್ರತಿಗಳು ಕೂಡಿದವು. ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದ ಕಾಲದಲ್ಲಿ ಇನ್ನೂರೈವತ್ತು ಶರಣರ ಹೆಸರುಗಳು ಬೆಳಕಿಗೆ ಬಂದವು. ತಮ್ಮ ಹಿರಿಯರು ಯಾರೆಂಬುದನ್ನು ಶರಣಸಂಕುಲ ಅರಿತದ್ದೇ ಹೀಗೆ.

ಆರಿಸಿದ ವಚನಗಳನ್ನು ವಿಷಯಕ್ರಮದಲ್ಲಿ ಜೋಡಿಸಿ ‘ವಚನಶಾಸ್ತ್ರಸಾರ’ವನ್ನು ಸಿದ್ಧಪಡಿಸಿ, ಅಚ್ಚಿಗಾಗಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿದರು. ಪ್ರತಿ ಮರಳಿ ಬಂದಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಮೊದಲ ಭಾಗ ಅಚ್ಚಾಯಿತು. ಪರರ ಅಚ್ಚುಕೂಟವನ್ನು ನೆಚ್ಚಿ ಈ ಕಾರ್ಯ ಸಾಗದೆಂದು ಅವರು ಅರಿತರು. 1925ರಲ್ಲಿ ವಿಜಾಪುರದಲ್ಲಿದ್ದ ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು.

ಮನೆ ಮಾರಿದ ಸಂಗತಿಯನ್ನು ಭಾಷಣಗಳಲ್ಲಿ ಒಂದು ಮಾತಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ಗೃಹಸ್ಥರಾದವರು ಕ್ಷಣ ನಿಂತು ನೋಡಬೇಕು. ವಕೀಲಿಯ ಗಳಿಕೆಯಿಂದ ನಿಂತ ಮನೆ, ಮಕ್ಕಳಿಗೆ ಸಲ್ಲಬೇಕಾದ ಆಸ್ತಿ. ನೂರಾರು ಮನೆಗಳ ಹಿರಿಯರ ಸ್ವತ್ತನ್ನು ಉಳಿಸಲು ಈ ಒಬ್ಬ ತಂದೆ ತನ್ನ ಮಕ್ಕಳ ಸೂರನ್ನು ಕೊಟ್ಟರು. ಕೈ ಬರಿದಾದ ಆ ಸಂಸಾರವನ್ನು ನಡೆಸಿದ ಭಾಗೀರಥಿ ತಾಯಿಯವರ ಹೆಸರು ಎಷ್ಟು ವೇದಿಕೆಗಳಲ್ಲಿ ಕೇಳಿಬರುತ್ತದೆ?

1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಹೊರಟವು. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ವಿಜಾಪುರದ ಬಿ.ಎಲ್.ಡಿ.ಇ. ಸಂಸ್ಥೆ, ಸಿದ್ಧೇಶ್ವರ ಬ್ಯಾಂಕುಗಳ ಹುಟ್ಟಿನಲ್ಲಿಯೂ ಅವರ ಕೈಯಿದೆ. ಸರಕಾರ ರಾವ್ ಬಹಾದ್ದೂರ್ ಪದವಿ ಕೊಟ್ಟಿತು. ಅವರ ಸೈಕಲ್ಲು ಮಾತ್ರ ಬದಲಾಗಲಿಲ್ಲ. ಬಿ.ಎಂ.ಶ್ರೀಯವರು ವಿಜಾಪುರಕ್ಕೆ ಬಂದಾಗ ಗೋಳಗುಮ್ಮಟಕ್ಕಿಂತ ಮೊದಲು ಈ ‘ವಚನಗುಮ್ಮಟ’ವನ್ನು ಕಾಣಬಯಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು, ಎಂಬತ್ನಾಲ್ಕು ತುಂಬಲು ಮೂರು ದಿನ ಉಳಿದಿರುವಾಗ, ಲಿಂಗೈಕ್ಯರಾದರು.

ಅವರು ಹಾಕಿದ ಹಾದಿಯಲ್ಲಿಯೇ ನಡೆದು, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳು 1993ರಲ್ಲಿ ಹೊರಬಂದವು. ಒಂದು ಕಾಲಕ್ಕೆ ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿದ್ದ ಮಾತುಗಳು ಈಗ ಶಾಲೆಯ ಮಕ್ಕಳ ಬಾಯಲ್ಲಿವೆ. ಜುಲೈ 2ನ್ನು ನಾಡು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಿದೆ. ಬನಹಟ್ಟಿಯಲ್ಲಿ ಆ ದಿನ ಅಳಿಯಂದಿರ ಜಯಂತಿಯೂ ಹೌದು.