ಡಿಕ್ಕಿಯಲ್ಲಿ ಬಂದ ವಿಂಗ್

1994ರ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಬಗ್ಗೆ ಕೇಳಿದರೆ ಹಳೇ ರೇಸಿಂಗ್ ಹುಚ್ಚರು ಇವತ್ತಿಗೂ ಎರಡು ಕಾರುಗಳ ಹೆಸರು ಹೇಳ್ತಾರೆ. ಒಂದು, ಚಾಂಪಿಯನ್ ಆದ ಆಲ್ಫಾ ರೋಮಿಯೋ 155. ಇನ್ನೊಂದು, ಒಂದು ರೇಸನ್ನೂ ಗೆಲ್ಲದ ವೋಲ್ವೋ 850 ಎಸ್ಟೇಟ್. ಎರಡಕ್ಕೂ ಒಂದು ನಂಟಿದೆ. ನಿಯಮದ ಪುಸ್ತಕದಲ್ಲಿ ಏನು ಬರೆದಿದೆ ಅನ್ನೋದರ ಜೊತೆಗೆ, ಏನು ಬರೆದಿಲ್ಲ ಅನ್ನೋದನ್ನೂ ಎರಡೂ ತಂಡದವರು ಕೂತು ಓದಿದ್ದರು.

ಮೊದಲು ಟೂರಿಂಗ್ ಕಾರ್ ರೇಸ್ ಅಂದ್ರೆ ಏನು ಅಂತ ನೋಡೋಣ. ಫಾರ್ಮುಲಾ ಒನ್ ಕಾರನ್ನು ನಾವು ನೀವು ಶೋರೂಮಿಗೆ ಹೋಗಿ ಕೊಳ್ಳೋಕಾಗಲ್ಲ. ಟೂರಿಂಗ್ ಕಾರು ಹಾಗಲ್ಲ, ಪಕ್ಕದ ಮನೆಯವರ ಗೇಟಿನ ಮುಂದೆ ನಿಂತಿರುವಂಥ ಸಾಮಾನ್ಯ ಫ್ಯಾಮಿಲಿ ಕಾರು. ಒಳಗಿನ ಸೀಟು, ಕಾರ್ಪೆಟ್ಟು ಕಿತ್ತು, ಕಬ್ಬಿಣದ ಪೈಪಿನ ಪಂಜರ ಕೂರಿಸಿ, ಎಂಜಿನ್ನು ಪಳಗಿಸಿ ಟ್ರ್ಯಾಕಿಗೆ ಇಳಿಸ್ತಾರೆ. ಬ್ರಿಟನ್ನಿನಲ್ಲಿ ಈ ಚಾಂಪಿಯನ್‌ಶಿಪ್ 1958ರಿಂದ ನಡೆಯುತ್ತಿದೆ. ತೊಂಬತ್ತರ ದಶಕದ ಶುರುವಿನಲ್ಲಿ ಬೇರೆಬೇರೆ ಕ್ಲಾಸುಗಳನ್ನೆಲ್ಲ ತೆಗೆದು ಒಂದೇ ಸೂತ್ರ ತಂದರು: ಎರಡು ಲೀಟರಿನ ಎಂಜಿನ್, ಟರ್ಬೋ ಇಲ್ಲ, ನಿಮಿಷಕ್ಕೆ 8,500 ಸುತ್ತಿಗಿಂತ ಹೆಚ್ಚು ತಿರುಗುವಂತಿಲ್ಲ. ಎಲ್ಲ ಕಂಪನಿಯ ಬಳಿಯೂ ಎರಡು ಲೀಟರಿನ ಫ್ಯಾಮಿಲಿ ಕಾರು ಇದ್ದೇ ಇತ್ತು. ಭಾನುವಾರ ಗೆದ್ದ ಕಾರನ್ನು ಸೋಮವಾರ ಮಾರಬಹುದು ಅನ್ನೋದು ಅವರ ಲೆಕ್ಕ. 1994ರ ಹೊತ್ತಿಗೆ ಹತ್ತು ಕಂಪನಿಗಳು ಕಣದಲ್ಲಿದ್ದವು: ಫೋರ್ಡ್, ವಾಕ್ಸ್‌ಹಾಲ್, ಬಿಎಂಡಬ್ಲ್ಯು, ರೆನೊ, ಟೊಯೋಟಾ, ನಿಸ್ಸಾನ್, ಪ್ಯೂಜೊ, ಮಾಜ್ದಾ, ಆಲ್ಫಾ, ವೋಲ್ವೋ.

ಆಲ್ಫಾ ರೋಮಿಯೋ ಇಲ್ಲಿಗೆ ಸುಮ್ಮನೆ ಬಂದಿರಲಿಲ್ಲ. ಹಿಂದಿನ ವರ್ಷವಷ್ಟೇ ಜರ್ಮನಿಯ ಡಿಟಿಎಂ ಚಾಂಪಿಯನ್‌ಶಿಪ್ಪನ್ನು ಜರ್ಮನ್ನರ ಮನೆಯಂಗಳದಲ್ಲೇ ಗೆದ್ದಿತ್ತು. ಬ್ರಿಟನ್ನಿಗೆ ಗಾಬ್ರಿಯೆಲೆ ಟಾರ್ಕ್ವಿನಿಯನ್ನು ಕಳಿಸಿತು. ಈ ಮನುಷ್ಯ ಫಾರ್ಮುಲಾ ಒನ್‌ನಲ್ಲಿ ಬಡ ತಂಡಗಳ ಕಾರು ಓಡಿಸಿ ಸವೆದವನು. ಅರ್ಹತಾ ಸುತ್ತು ದಾಟಲಾಗದೆ ವಾಪಸು ಹೋದ ರೇಸುಗಳ ಲೆಕ್ಕದಲ್ಲಿ ಅಲ್ಲಿ ಅವನದೇ ದಾಖಲೆ, 40 ಸಲ! ಇಂಥವನು ಬ್ರಿಟನ್ನಿಗೆ ಬಂದು ಮೊದಲ ಐದೂ ರೇಸು ಗೆದ್ದುಬಿಟ್ಟ.

ಗೆಲುವಿನಲ್ಲಿ ಅವನ ಪಾಲು ದೊಡ್ಡದೇ. ಆದರೆ ಎದುರಾಳಿಗಳ ಕಣ್ಣು ನೆಟ್ಟಿದ್ದು ಕಾರಿನ ಹಿಂಭಾಗದ ಮೇಲೆ. ಆಲ್ಫಾದ ಡಿಕ್ಕಿಯ ಮೇಲೊಂದು ಎತ್ತರದ ವಿಂಗ್, ಮುಂದೆ ಚಾಚಿಕೊಂಡ ಸ್ಪಾಯ್ಲರ್. ವಿಮಾನದ ರೆಕ್ಕೆ ಮೇಲಕ್ಕೆ ಎತ್ತುತ್ತೆ, ರೇಸ್ ಕಾರಿನ ವಿಂಗ್ ಕೆಳಕ್ಕೆ ಒತ್ತುತ್ತೆ. ಹಾಗೆ ಒತ್ತಿದಾಗ ಟೈರಿಗೆ ಹಿಡಿತ ಹೆಚ್ಚಿ, ತಿರುವಿನಲ್ಲಿ ವೇಗ ಉಳಿಯುತ್ತೆ. ಉಳಿದವರ ಕಾರಿಗೆ ಇಂಥದ್ದು ಇರಲಿಲ್ಲ, ಯಾಕೆಂದರೆ ಅಂಗಡಿಯಲ್ಲಿ ಮಾರುವ ಕಾರಿನಲ್ಲಿ ಇಲ್ಲದ್ದು ರೇಸ್ ಕಾರಿನಲ್ಲೂ ಇರಬಾರದು ಅಂತ ನಿಯಮ.

ಆಲ್ಫಾ ಏನು ಮಾಡಿತು ಗೊತ್ತಾ? 155 ಸಿಲ್ವರ್‌ಸ್ಟೋನ್ ಅಂತ ವಿಶೇಷ ಮಾದರಿಯೊಂದನ್ನು ತಯಾರಿಸಿತು. ವಿಶೇಷ ಮಾದರಿಗೆ ಮಾನ್ಯತೆ ಸಿಗಬೇಕಾದರೆ 2,500 ಕಾರು ತಯಾರಾಗಬೇಕಿತ್ತು, ಅದನ್ನೂ ಪೂರೈಸಿತು. ಕೊಂಡವರಿಗೆ ಸ್ಪಾಯ್ಲರ್ ಮತ್ತು ವಿಂಗ್ ತಗ್ಗಿದ ಸ್ಥಿತಿಯಲ್ಲೇ ಬರುತ್ತಿದ್ದವು. ವಿಂಗನ್ನು ಎತ್ತರಿಸುವ ಬಿಡಿಭಾಗಗಳು? ಅವು ಡಿಕ್ಕಿಯಲ್ಲಿ. ಬೇಕಾದವರು ಮನೆಯಲ್ಲಿ ಸ್ಪ್ಯಾನರ್ ಹಿಡಿದು ಜೋಡಿಸಿಕೊಳ್ಳಲಿ! ಕಾರಿನ ಜೊತೆಗೇ ಮಾರಾಟವಾದ ಮೇಲೆ ಅದು ಕಾರಿನ ಭಾಗವೇ ತಾನೇ ಅನ್ನೋದು ಇಟಾಲಿಯನ್ನರ ವಾದ. ಪೆಟ್ಟಿಗೆಯಲ್ಲಿಟ್ಟು ಕೊಟ್ಟದ್ದು ಬಿಡಿಭಾಗ, ಕಾರಿಗೆ ಕೂರಿಸಿ ಕೊಟ್ಟರಷ್ಟೇ ಕಾರು ಅಂತ ಎದುರಾಳಿಗಳ ಉತ್ತರ.

ಜಗಳ ಔಲ್ಟನ್ ಪಾರ್ಕಿನಲ್ಲಿ ಸಿಡಿಯಿತು. ದೂರುಗಳ ನಂತರ ವಿಂಗ್ ತಗ್ಗಿಸಿ ಓಡಿಸಿ ಅಂತ ಅಧಿಕಾರಿಗಳು ಹೇಳಿದರು. ಆಲ್ಫಾದವರು ರೇಸಿಗೆ ಮೊದಲೇ ಗಂಟುಮೂಟೆ ಕಟ್ಟಿ ಟ್ರ್ಯಾಕಿನಿಂದ ಹೊರಟೇಬಿಟ್ಟರು. ಆಮೇಲೆ ಮಾತುಕತೆ, ರಾಜಿ. ತಂಡ ವಾಪಸು ಬಂತು, ಋತು ಮುಗಿಯುವ ಮುನ್ನ ವಿಂಗೂ ತಗ್ಗಿತು. ಬಿಎಂಡಬ್ಲ್ಯು, ರೆನೊ ಚಿಗುರಿಕೊಂಡವು. ಸ್ಕಾಟ್ಲೆಂಡಿನ ನಾಕ್‌ಹಿಲ್‌ನಲ್ಲಿ ಟಾರ್ಕ್ವಿನಿಯ ಕಾರು ಪಲ್ಟಿ ಹೊಡೆಯಿತು. ಆದರೂ ಮೊದಲೇ ಕೂಡಿಟ್ಟ ಅಂಕಗಳ ಜೊತೆ ಇನ್ನೂ ಕೆಲವು ಗೆಲುವು ಸೇರಿಸಿಕೊಂಡು ಅವನೇ ಚಾಂಪಿಯನ್ ಆದ. ರೆನೊ ಲಗೂನಾದ ಅಲೈನ್ ಮೆನು ಎರಡನೆಯವನಾದ.

ಇನ್ನು ವೋಲ್ವೋ. ಬೆಂಗಳೂರಿನವರಿಗೆ ವೋಲ್ವೋ ಅಂದ್ರೆ ಬಸ್ಸು. ಆಗಿನ ಬ್ರಿಟಿಷರಿಗೆ ಅದು ಮಕ್ಕಳು, ನಾಯಿ, ವಾರದ ದಿನಸಿ ತುಂಬಿಕೊಂಡು ನಿಧಾನಕ್ಕೆ ಹೋಗುವ ಉದ್ದನೆಯ ಡಬ್ಬಿ. ನಮ್ಮಲ್ಲಿ ಟಾಟಾ ಎಸ್ಟೇಟ್ ಬಂದಿತ್ತಲ್ಲ, ಆ ಆಕಾರ. ವೋಲ್ವೋಗೆ ರೇಸ್ ಕಾರು ಕಟ್ಟಿಕೊಟ್ಟ ಟಾಮ್ ವಾಕಿನ್‌ಷಾ ತಂಡ ನೋಡಿತು: ಎಸ್ಟೇಟ್ ಓಡಿಸಬಾರದು ಅಂತ ಪುಸ್ತಕದಲ್ಲಿ ಎಲ್ಲೂ ಇಲ್ಲ. ರಿಕಾರ್ಡ್ ರೀಡೆಲ್ ಮತ್ತು ಯಾನ್ ಲ್ಯಾಮರ್ಸ್ ಕೈಗೆ ಎರಡು ಎಸ್ಟೇಟ್ ಕೊಟ್ಟು ಇಳಿಸಿಯೇಬಿಟ್ಟಿತು. ಎದುರಾಳಿಗಳು ನಕ್ಕಾಗ, ರೇಸಿಗೆ ಮುಂಚಿನ ಮೆರವಣಿಗೆ ಸುತ್ತಿನಲ್ಲಿ ಹಿಂದಿನ ಕಿಟಕಿಯಲ್ಲಿ ದೊಡ್ಡ ಬೊಂಬೆ ನಾಯಿ ಕೂರಿಸಿಕೊಂಡು ಸುತ್ತು ಹಾಕಿದರು. ಇಡೀ ವರ್ಷದಲ್ಲಿ ಸಿಕ್ಕ ಅತ್ಯುತ್ತಮ ಸ್ಥಾನ ಐದನೆಯದು. ಆದರೆ ಆ ವರ್ಷದ ಫೋಟೋ ಯಾವುದು ತೆಗೆದರೂ ಜನ ಮೊದಲು ಹುಡುಕೋದು ಆ ಡಬ್ಬಿಯನ್ನೇ.

ಮುಂದಿನ ವರ್ಷ ವಿಂಗಿನ ಜಗಳವೇ ಬೇಡ ಅಂತ ಎಲ್ಲರಿಗೂ ನಿಗದಿತ ಅಳತೆಯ ವಿಂಗ್ ಹಾಕಲು ಅನುಮತಿ ಕೊಟ್ಟರು. ಎಸ್ಟೇಟಿನ ಉದ್ದ ಮಾಳಿಗೆಗೆ ಅದರಿಂದ ಲಾಭವಿಲ್ಲ, ವೋಲ್ವೋ ಸೆಡಾನಿಗೆ ಬದಲಾಯಿತು. 1998ರಲ್ಲಿ ಅದೇ ರೀಡೆಲ್ ಎಸ್40 ಓಡಿಸಿ ಚಾಂಪಿಯನ್ ಕೂಡ ಆದ. ಎಲ್ಲರಿಗೂ ವಿಂಗ್ ಸಿಕ್ಕ 1995ರಲ್ಲಿ ಆಲ್ಫಾ ಒಂದೂ ರೇಸು ಗೆಲ್ಲದೆ ಆ ಚಾಂಪಿಯನ್‌ಶಿಪ್ಪನ್ನೇ ಬಿಟ್ಟು ಹೋಯಿತು.

ಮೇಲ್ನೋಟಕ್ಕೆ ಇದು ಒಳ್ಳೇ ತೀರ್ಪು, ಎಲ್ಲರಿಗೂ ಒಂದೇ ನ್ಯಾಯ. ಆದರೆ ಅಲ್ಲೊಂದು ಮಾತು ಮುರಿಯಿತು. ಅಲ್ಲಿಯವರೆಗೆ ಪ್ರೇಕ್ಷಕನಿಗೆ ಕೊಟ್ಟಿದ್ದ ಭರವಸೆ, ನೀನು ಕೊಳ್ಳುವ ಕಾರೇ ಇಲ್ಲಿ ಓಡುತ್ತೆ ಅಂತ. ಆಲ್ಫಾ ಅದನ್ನು ತಿರುಚಿತ್ತು ನಿಜ, ಆದರೆ ತಿರುಚೋದಕ್ಕಾದರೂ 2,500 ಜನರ ಡಿಕ್ಕಿಯಲ್ಲಿ ಬಿಡಿಭಾಗ ಇಡಬೇಕಾಗಿತ್ತು. ಈಗ ಆ ಕಷ್ಟವೂ ಉಳಿಯಲಿಲ್ಲ. ಶೋರೂಮಿನ ಕಾರಿಗೂ ಟ್ರ್ಯಾಕಿನ ಕಾರಿಗೂ ಅಂತರ ಬೆಳೆಯಿತು, ಖರ್ಚೂ ಬೆಳೆಯಿತು. ಒಂದೊಂದಾಗಿ ಕಂಪನಿಗಳು ಕೈಬಿಟ್ಟವು. 2000ದಲ್ಲಿ ಉಳಿದದ್ದು ಫೋರ್ಡ್, ಹೋಂಡಾ, ವಾಕ್ಸ್‌ಹಾಲ್ ಮೂರೇ. ಆ ವರ್ಷ ಮೆನು ಫೋರ್ಡ್ ಮಾಂಡಿಯೋದಲ್ಲಿ ಗೆದ್ದ, ಆ ಸೂತ್ರವೂ ಬ್ರಿಟನ್ನಿನಲ್ಲಿ ಅಲ್ಲಿಗೆ ಮುಗಿಯಿತು. ಖರ್ಚು ತಗ್ಗಿಸುವ ಹೊಸ ನಿಯಮ 2001ರಲ್ಲಿ ಬಂತು.

ಇದಕ್ಕೆಲ್ಲ ಆಲ್ಫಾದ ವಿಂಗ್ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಖರ್ಚಿನ ರೋಗಕ್ಕೆ ಕಾರಣ ಬೇಕಾದಷ್ಟಿದ್ದವು. ಆದರೆ ಆಫೀಸಿನಲ್ಲಿ ಪಾಲಿಸಿ ಬರೆಯುವವರು ಈ ಕಥೆಯನ್ನೊಮ್ಮೆ ಓದಬೇಕು. ಯಾರೋ ಒಬ್ಬ ನಿಯಮದ ಸಂದಿಯಲ್ಲಿ ನುಸುಳಿದಾಗ ನಾವು ಮಾಡೋದು ಎರಡೇ: ಸಂದಿ ಮುಚ್ಚೋದು, ಇಲ್ಲವೇ ಎಲ್ಲರಿಗೂ ಬಾಗಿಲು ತೆಗೆಯೋದು. ಆ ನಿಯಮ ಯಾರಿಗೆ ಕೊಟ್ಟ ಮಾತಾಗಿತ್ತು ಅಂತ ಕೇಳೋರು ಕಮ್ಮಿ. 1994ರಲ್ಲಿ ತಂಡಗಳು, ಅಧಿಕಾರಿಗಳು, ಕಂಪನಿಗಳು ಎಲ್ಲರೂ ಮಾತುಕತೆಯಲ್ಲಿದ್ದರು. ಟಿಕೆಟ್ ಕೊಂಡು ಬಂದವನು ಮಾತ್ರ ಇರಲಿಲ್ಲ.