ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ವಿಮಾನ ದೂರ ಮತ್ತು ಬೇವೂರಿನವರೆಗಿನ ಪ್ರಯಾಣದ ಅವಧಿ

ಬೆಂಗಳೂರು ಹಾಗೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ನಡುವಿನ ವೈಮಾನಿಕ ಅಂತರ ಸುಮಾರು 14,000 ಕಿ.ಮೀ. ರೇಖಾಂಶದ ಲೆಕ್ಕದಲ್ಲಿ ಇವೆರಡೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಪಾರ್ಶ್ವಗಳಲ್ಲಿರುವುದರಿಂದ ಅತಿ ಸಮೀಪದ ಮಾರ್ಗವು ಉತ್ತರ ಧ್ರುವದ ಕಡೆಯಿಂದ ಹಾದುಹೋಗುತ್ತದೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನವು ಮಹಿಳಾ ಪೈಲಟ್‌ಗಳ ಸಾರಥ್ಯದಲ್ಲಿ ಇದೇ ಮಾರ್ಗವಾಗಿ ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ತಲುಪಿತು. ಗಾಳಿಯ ದಿಕ್ಕನ್ನು ಅನುಸರಿಸಿ ಮಾರ್ಗವೂ ಅವಧಿಯೂ ವ್ಯತ್ಯಾಸವಾಗುತ್ತವೆ.

ಟಿಕೆಟ್ಟಿನಲ್ಲಿ ನಮೂದಿಸಿರುವ ವೇಳೆಯು ಆಯಾ ಊರಿನ ಸ್ಥಳೀಯ ವೇಳೆಯಾಗಿರುತ್ತದೆ. ಪ್ರಯಾಣಿಕರು ಹೆಚ್ಚಾಗಿ ಗೊಂದಲಕ್ಕೀಡಾಗುವುದು ಇಲ್ಲಿಯೇ. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರವು ಚಳಿಗಾಲದಲ್ಲಿ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ. ಉದಾಹರಣೆಗೆ, ಚಳಿಗಾಲದಲ್ಲಿ ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಟು 17 ಗಂಟೆ ಹಾರುವ ವಿಮಾನವು ಬೆಂಗಳೂರಿನಲ್ಲಿ ಇಳಿಯುವುದು ಭಾನುವಾರವಲ್ಲ, ಸೋಮವಾರ ನಸುಕಿನ 3 ಗಂಟೆಗೆ. ಇದಕ್ಕೆ ವ್ಯತಿರಿಕ್ತವಾಗಿ, ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರಿನಿಂದ ಹೊರಟವರು ಅಷ್ಟೇ ಅವಧಿಯ ಹಾರಾಟದ ನಂತರ ಅಲ್ಲಿ ಅದೇ ಸೋಮವಾರ ಸಂಜೆ 5.30ಕ್ಕೆ ಇಳಿಯುತ್ತಾರೆ.

ಯಲಬುರ್ಗಾ ತಾಲ್ಲೂಕಿನ ಬೇವೂರಿನಂತಹ ಊರುಗಳಲ್ಲಿ ಈ ಲೆಕ್ಕದ ಅಗತ್ಯ ಬೀಳುವುದು ಬಹುಮಟ್ಟಿಗೆ ಮನೆಯ ಹಿರಿಯರು ತೀರಿಕೊಂಡಾಗ. ಮಗ ಅಥವಾ ಮಗಳು ಬರುವವರೆಗೆ ಅಂತ್ಯಕ್ರಿಯೆಗೆ ಕಾಯಬೇಕೇ ಎಂಬುದನ್ನು ಕುಟುಂಬದವರು ಕೆಲವೇ ಗಂಟೆಗಳಲ್ಲಿ ತೀರ್ಮಾನಿಸಬೇಕಾಗುತ್ತದೆ. 17 ಗಂಟೆ ಎಂಬುದು ಹಾರಾಟದ ಅವಧಿ ಮಾತ್ರ. ಹೊರಡುವ ಮುನ್ನ ನಿಲ್ದಾಣದಲ್ಲಿ 3 ಗಂಟೆ, ಬೆಂಗಳೂರಿನಲ್ಲಿ ವಲಸೆ ತಪಾಸಣೆ ಹಾಗೂ ಸಾಮಾನು ಪಡೆಯಲು 2 ಗಂಟೆಯವರೆಗೆ, ದೇವನಹಳ್ಳಿಯಿಂದ ಚಿತ್ರದುರ್ಗ, ಹೊಸಪೇಟೆ ಮಾರ್ಗವಾಗಿ ಊರಿಗೆ ಸುಮಾರು 8 ಗಂಟೆ ಸೇರಿಸಿದರೆ ಒಟ್ಟು 30 ಗಂಟೆಗಳಾಗುತ್ತವೆ. ಅಂದರೆ ಮೇಲಿನ ಉದಾಹರಣೆಯ ಪ್ರಯಾಣಿಕರು ಬೇವೂರು ತಲುಪುವುದು ಸೋಮವಾರ ಮಧ್ಯಾಹ್ನ. ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ಸಿಗೆ ಕಾದರೆ ಕೊಪ್ಪಳ ಸೇರುವುದು ಮರುದಿನವೇ ಆದ್ದರಿಂದ ಇಂತಹ ಸಂದರ್ಭದಲ್ಲಿ ರಸ್ತೆ ಪ್ರಯಾಣವೇ ಸೂಕ್ತ.

ನೇರ ವಿಮಾನ ಎಲ್ಲ ಕಾಲದಲ್ಲಿಯೂ ಲಭ್ಯವಿರುವುದಿಲ್ಲ. ದುಬೈ, ಫ್ರಾಂಕ್‌ಫರ್ಟ್ ಮುಂತಾದೆಡೆ ವಿಮಾನ ಬದಲಾಯಿಸಿ ಬರುವವರಿಗೆ ಒಟ್ಟು 35ರಿಂದ 40 ಗಂಟೆ ಬೇಕಾಗಬಹುದು. ಕಾಯಲು ನಿರ್ಧರಿಸಿದ ಕುಟುಂಬದವರು ಟಿಕೆಟ್ಟಿನಲ್ಲಿರುವ ಆಗಮನದ ದಿನಾಂಕವನ್ನು ನೋಡಿಯೇ ಫ್ರೀಜರ್ ಪೆಟ್ಟಿಗೆಯ ವ್ಯವಸ್ಥೆ ಮಾಡಿಕೊಳ್ಳುವುದು ಒಳಿತು.

ಅಮೆರಿಕದ ಪೌರತ್ವ ಪಡೆದವರ ಬಳಿ ಒಸಿಐ ಕಾರ್ಡ್ ಇಲ್ಲದಿದ್ದಲ್ಲಿ ಭಾರತ ಪ್ರವೇಶಕ್ಕೆ ವೀಸಾ ಅವಶ್ಯ. ಅಂತಹವರು ಟಿಕೆಟ್ ಪಡೆಯುವ ಮೊದಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಭಾರತದ ಕಾನ್ಸುಲೇಟ್ ಜನರಲ್ ಕಚೇರಿಯಲ್ಲಿ ತುರ್ತು ವೀಸಾ ಕುರಿತು ವಿಚಾರಿಸತಕ್ಕದ್ದು.